ಡಬ್ಬಿ ಉಪಗ್ರಹ ಬಿತ್ತು, ಫೈಲ್ ಖಾಲಿ. ಹೈಸ್ಕೂಲ್ ಮಕ್ಕಳ ಜೊತೆ ಮುಂದೆ ಹೇಗೆ ಹೋಗಲಿ?

ಮಲೆನಾಡ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈ ವರ್ಷ 9ನೇ ತರಗತಿಯ ಹನ್ನೊಂದು ಮಕ್ಕಳ ಜೊತೆ ಕ್ಯಾನ್‌ಸ್ಯಾಟ್ ಮಾಡಲು ಹೊರಟಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕ್ಯಾನ್‌ಸ್ಯಾಟ್ ಅಂದರೆ ಕೂಲ್ ಡ್ರಿಂಕ್ಸ್ ಡಬ್ಬಿಯೊಳಗೆ ಕೂರುವ ಪುಟಾಣಿ ಉಪಗ್ರಹ. ಕಕ್ಷೆಗೆ ಹೋಗುವುದಿಲ್ಲ. ಎತ್ತರದಿಂದ ಪ್ಯಾರಾಚೂಟ್ ಕಟ್ಟಿ ಬಿಡುತ್ತಾರೆ, ಇಳಿಯುತ್ತಾ ಗಾಳಿಯ ಒತ್ತಡ, ತಾಪಮಾನ ಅಳೆದು ರೇಡಿಯೊದಲ್ಲಿ ಕೆಳಗೆ ಕಳಿಸುತ್ತದೆ. 1998ರಲ್ಲಿ ಅಮೆರಿಕದ ಪ್ರೊಫೆಸರ್ ಬಾಬ್ ಟ್ವಿಗ್ಸ್ ಈ ಯೋಚನೆ ಮುಂದಿಟ್ಟರು. ನಿಜವಾದ ಉಪಗ್ರಹದಲ್ಲಿ ಇರುವುದೆಲ್ಲ ಇದರಲ್ಲೂ ಇದೆ: ಕರೆಂಟು, ಸೆನ್ಸರ್, ಕಂಪ್ಯೂಟರ್, ರೇಡಿಯೊ, ನೆಲದ ಮೇಲೆ ಕೇಳಿಸಿಕೊಳ್ಳುವವರು.

ನಮ್ಮ ಡಬ್ಬಿಯಲ್ಲಿ ಒಂದು ಆರ್ಡುಯಿನೋ ನ್ಯಾನೋ (ಪುಟಾಣಿ ಕಂಪ್ಯೂಟರ್ ಬೋರ್ಡು), ಒತ್ತಡ ಅಳೆಯುವ ಬಿಎಂಪಿ280 ಸೆನ್ಸರ್, ಮೆಮೊರಿ ಕಾರ್ಡ್, ದೂರಕ್ಕೆ ಸಣ್ಣ ಸಂದೇಶ ಕಳಿಸುವ ಒಂದು ಲೋರಾ ರೇಡಿಯೊ, ಒಂದು 9 ವೋಲ್ಟ್ ಚೌಕ ಬ್ಯಾಟರಿ. ಒಟ್ಟು ಖರ್ಚು 2,100 ರೂಪಾಯಿ. ಪ್ಯಾರಾಚೂಟಿಗೆ ಹಳೇ ಕೊಡೆಯ ಬಟ್ಟೆ. ನಮ್ಮೂರಲ್ಲಿ ಅದಕ್ಕೇನೂ ಬರವಿಲ್ಲ.

ಕಳೆದ ಶನಿವಾರ ಶಾಲೆಯ ತಾರಸಿಯಿಂದ ಬಿಟ್ಟೆವು. ಇಡೀ ಶಾಲೆ ಅಂಗಳದಲ್ಲಿ ನಿಂತಿತ್ತು. ಪ್ಯಾರಾಚೂಟ್ ಚೆನ್ನಾಗಿಯೇ ಬಿಚ್ಚಿಕೊಂಡಿತು, ಚಪ್ಪಾಳೆ ಬಿತ್ತು. ಆದರೆ ಲ್ಯಾಪ್‌ಟಾಪಿಗೆ 41 ಸಂದೇಶ ಬಂದು ನಿಂತುಹೋಗಿತ್ತು, ಅದೂ ಮಕ್ಕಳು ಇನ್ನೂ ಮೆಟ್ಟಿಲು ಹತ್ತುತ್ತಿರುವಾಗಲೇ. ಸರಿ, ಕಾರ್ಡಿನಲ್ಲಾದರೂ ಇರುತ್ತದೆ ಅಂತ ತೆಗೆದು ನೋಡಿದರೆ ಫೈಲ್ ಇದೆ, ಒಳಗೆ ಒಂದಕ್ಷರ ಇಲ್ಲ. ಸೊನ್ನೆ ಬೈಟ್. ಪ್ರೋಗ್ರಾಂ ಬರೆದ ಹುಡುಗಿ ಅಲ್ಲೇ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಕೂತುಬಿಟ್ಟಳು.

ಹಿಂದಿನ ದಿನ ಮೇಜಿನ ಮೇಲೆ ಅರ್ಧ ಗಂಟೆ ನಡೆಸಿದ್ದೆವು, ಒಂದು ತೊಂದರೆಯೂ ಇರಲಿಲ್ಲ. ಈಗ ಒಂದು ಕಂಪನಿಯವರು ಬಂದು "ರೆಡಿ ಕಿಟ್ ಕೊಡ್ತೀವಿ, ಎರಡು ದಿನದ ವರ್ಕ್‌ಶಾಪ್, ಎಲ್ಲ ಮಕ್ಕಳಿಗೂ ಸರ್ಟಿಫಿಕೇಟ್" ಅನ್ನುತ್ತಿದ್ದಾರೆ. ಎಸ್‌ಡಿಎಂಸಿ ಕಡೆಯಿಂದಲೂ ಅದನ್ನೇ ಮಾಡಿ ಅಂತ ಒತ್ತಾಯ. ನನಗೆ ಮನಸ್ಸಿಲ್ಲ. ಆದರೆ ಮಕ್ಕಳ ಉತ್ಸಾಹ ಹೋಗಿಬಿಟ್ಟರೆ ಅನ್ನೋ ಭಯವೂ ಇದೆ. ಅನುಭವ ಇರುವವರು ದಯವಿಟ್ಟು ಹೇಳಿ.

---

ಟೆಸ್ಟ್ ಬೆಂಚ್

ಮೇಷ್ಟ್ರೇ, ನಾನು ಬೆಂಗಳೂರಿನಲ್ಲಿ ಉಪಗ್ರಹಗಳ ಪರೀಕ್ಷಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಮೊದಲು ಆ ಹುಡುಗಿಗೆ ಒಂದು ಸಂಗತಿ ಹೇಳಿ. ಪೀಣ್ಯದ ಇಂಡಸ್ಟ್ರಿಯಲ್ ಶೆಡ್‌ಗಳಲ್ಲಿ ನಮ್ಮವರು ಕಟ್ಟಿದ ಮೊದಲ ಉಪಗ್ರಹ ಆರ್ಯಭಟ. 1975ರ ಏಪ್ರಿಲ್ 19ಕ್ಕೆ ಹಾರಿತು. ನಾಲ್ಕೈದು ದಿನಕ್ಕೆ ಅದರ ವಿಜ್ಞಾನ ಪ್ರಯೋಗಗಳು ನಿಂತುಹೋದವು. ಕಾರಣ ಏನು ಗೊತ್ತಾ? ಕರೆಂಟಿನ ತೊಂದರೆ. ಆ ತಂಡದ ನಾಯಕರು ನಮ್ಮ ಉಡುಪಿ ಕಡೆಯ ಅದಮಾರಿನ ಯು. ಆರ್. ರಾವ್. ಅದೇ ತಂಡ 1979ರಲ್ಲಿ ಮುಂದಿನ ಉಪಗ್ರಹ ಭಾಸ್ಕರವನ್ನು ಹಾರಿಸಿತು.

ಈಗ ನಿಮ್ಮ ಡಬ್ಬಿ. ಒಂದೇ ಪ್ರಶ್ನೆ. ಮೇಜಿನ ಮೇಲೆ ಅರ್ಧ ಗಂಟೆ ನಡೆಸಿದಾಗ ಯುಎಸ್‌ಬಿ ವೈರ್ ಲ್ಯಾಪ್‌ಟಾಪಿಗೆ ಚುಚ್ಚಿತ್ತಾ?

ಉತ್ತರ ನನಗೆ ಹೇಳಬೇಡಿ, ಮಕ್ಕಳಿಗೂ ಹೇಳಬೇಡಿ. ಅವರನ್ನೇ ಕೇಳಿ, ಸುಮ್ನೆ ಕೂತು ನೋಡಿ.

---

ದಾವಣಗೆರೆ ಅಪ್ಪ

ಬೇಜಾರು ಮಾಡ್ಕೋಬೇಡಿ ಸರ್, ಒಬ್ಬ ತಂದೆಯಾಗಿ ಕೇಳುತ್ತೇನೆ. ನನ್ನ ಮಗಳೂ 9ನೇ ತರಗತಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಬೆಳಿಗ್ಗೆ ಟ್ಯೂಷನ್, ಸಂಜೆ ಟ್ಯೂಷನ್. ಇದರ ಮಧ್ಯೆ ತಿಂಗಳುಗಟ್ಟಲೆ ಡಬ್ಬಿ, ವೈರು ಅಂತ ಕೂತರೆ ಮಾರ್ಕ್ಸ್ ಎಲ್ಲಿಂದ ಬರುತ್ತೆ? ಇಸ್ರೋ ನೋಡಿಸಬೇಕು ಅಂದ್ರೆ ಒಂದು ದಿನ ಟೂರ್ ಕರ್ಕೊಂಡು ಹೋದರೆ ಸಾಕಲ್ವಾ? ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

---

ಬ್ರೆಮೆನ್ ಕನ್ನಡತಿ

ದಾವಣಗೆರೆಯ ಅಣ್ಣ, ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ, ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ನಾವು ಜರ್ಮನಿಯ ಬ್ರೆಮೆನ್‌ನಲ್ಲಿದ್ದೇವೆ. ಮಗ ಎರಡು ವರ್ಷದ ಹಿಂದೆ ಶಾಲೆಯ ಕ್ಯಾನ್‌ಸ್ಯಾಟ್ ತಂಡದಲ್ಲಿದ್ದ.

ಯುರೋಪಿನಲ್ಲಿ 2010ರಿಂದ ಹೈಸ್ಕೂಲ್ ಮಕ್ಕಳಿಗಾಗಿ ಇಸಾ, ಅಂದರೆ ಯುರೋಪಿನ ಬಾಹ್ಯಾಕಾಶ ಸಂಸ್ಥೆ, ಇದನ್ನು ನಡೆಸುತ್ತಾ ಬಂದಿದೆ. ನಿಯಮ ಬಹಳ ಸರಳ. ಡಬ್ಬಿ 115 ಮಿ.ಮೀ. ಎತ್ತರ, 66 ಮಿ.ಮೀ. ಅಗಲ. ತೂಕ 300ರಿಂದ 350 ಗ್ರಾಂ ಒಳಗೆ. ಖರ್ಚು 500 ಯೂರೋ ದಾಟಬಾರದು. ಸಣ್ಣ ರಾಕೆಟ್ ಅದನ್ನು ಸುಮಾರು ಒಂದು ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತದೆ. ತಾಪಮಾನ, ಒತ್ತಡ ಎಲ್ಲರೂ ಅಳೆಯಲೇಬೇಕು, ಕನಿಷ್ಠ ಸೆಕೆಂಡಿಗೊಮ್ಮೆ ಕೆಳಗೆ ಕಳಿಸಬೇಕು. ಎರಡನೇ ಕೆಲಸ ಏನು ಅಂತ ಮಕ್ಕಳೇ ಯೋಚಿಸಬೇಕು.

ನನಗೆ ಹಿಡಿಸಿದ್ದು ಈ ಎರಡನೇ ಕೆಲಸ. ಆರು ಮಕ್ಕಳು ನಮ್ಮ ಅಡುಗೆಮನೆ ಟೇಬಲ್ಲಿನ ಸುತ್ತ ಕೂತು ಮೂರು ವಾರ ಜಗಳವಾಡಿದರು. ಏನು ಅಳೆಯೋಣ, ಯಾಕೆ ಅಳೆಯೋಣ, ಅಳೆದರೆ ಏನು ಗೊತ್ತಾಗುತ್ತದೆ? ನಾನು ಅವರಿಗೆ ಚಿತ್ರಾನ್ನ ಮಾಡಿ ಬಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಯಾರ ಮಾತನ್ನೂ ಸುಮ್ನೆ ಒಪ್ಪಬೇಕಿಲ್ಲ, ಆದರೆ ಬೇಡ ಅನ್ನುವುದಕ್ಕೆ ಕಾರಣ ಕೊಡಬೇಕು ಅನ್ನೋದನ್ನ ಮಗ ಕಲಿತದ್ದು ಆ ಮೂರು ವಾರದಲ್ಲಿ. ಮಾರ್ಕ್ಸ್ ಏನೂ ಬೀಳಲಿಲ್ಲ ಅಣ್ಣ.

ಮೇಷ್ಟ್ರೇ, ಅವರ ತಂಡದ ಮೊದಲ ಡಬ್ಬಿಯೂ ಸುಮ್ಮನಾಗಿತ್ತು. ಅಲ್ಲಿ ತೀರ್ಪುಗಾರರು ವರದಿಯನ್ನೂ ನೋಡುತ್ತಾರೆ, ಏನು ಕೆಟ್ಟಿತು ಅಂತ ನೇರವಾಗಿ ಬರೆದವರಿಗೆ ಒಳ್ಳೇ ಮಾತು ಸಿಕ್ಕಿತು.

---

ಮಲೆನಾಡ ಮೇಷ್ಟ್ರು

ಟೆಸ್ಟ್ ಬೆಂಚ್ ಸರ್, ನಿಮ್ಮ ಪ್ರಶ್ನೆಯನ್ನು ಇವತ್ತು ಮಧ್ಯಾಹ್ನ ಬೋರ್ಡಿನ ಮೇಲೆ ಹಾಗೇ ಬರೆದೆ. ಮಕ್ಕಳು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡಿದ್ದಳಲ್ಲ, ಅದೇ ಹುಡುಗಿ ಎದ್ದು ಲ್ಯಾಬ್ ಬೀರುವಿನಿಂದ ಹಳೇ ಮುಳ್ಳಿನ ಮಲ್ಟಿಮೀಟರ್ ತಂದಳು. ಯುಎಸ್‌ಬಿ ವೈರ್ ಕಿತ್ತು, ಬರೀ ಬ್ಯಾಟರಿ ಮೇಲೆ ಡಬ್ಬಿ ಆನ್ ಮಾಡಿದಳು.

ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಂಥದ್ದು ನೋಡಿರಲಿಲ್ಲ. ಮುಳ್ಳು 8.6 ವೋಲ್ಟಿನ ಹತ್ತಿರ ನಿಂತಿತ್ತು. ರೇಡಿಯೊ ಸೆಕೆಂಡಿಗೊಮ್ಮೆ ಸಂದೇಶ ಕಳಿಸುತ್ತದೆ. ಕಳಿಸಿದಾಗಲೆಲ್ಲ ಮುಳ್ಳು ಟಕ್ ಅಂತ ಕೆಳಗೆ ಬೀಳುತ್ತಿತ್ತು, ಮತ್ತೆ ಮೇಲೇರುತ್ತಿತ್ತು. ನಾಡಿ ಬಡಿದ ಹಾಗೆ. ಎರಡು ನಿಮಿಷ ಕಳೆಯುವ ಹೊತ್ತಿಗೆ ಪೂರ್ತಿ ಮೇಲೆ ಏರುತ್ತಲೇ ಇರಲಿಲ್ಲ. ಆರರ ಹತ್ತಿರ ಇಳಿದಾಗ ಬೋರ್ಡಿನ ದೀಪ ಮಿಣುಕಿ ಆರಿತು, ಮತ್ತೆ ಹೊತ್ತಿಕೊಂಡಿತು. ಪ್ರೋಗ್ರಾಂ ಮೊದಲಿಂದ ಶುರು. ಹನ್ನೊಂದು ತಲೆಗಳು ಆ ಮೀಟರಿನ ಮೇಲೆ ಬಗ್ಗಿದ್ದವು, ಉಸಿರಾಡುವ ಸದ್ದೂ ಇಲ್ಲ.

"ಸಾರ್, ಬ್ಯಾಟರಿಗೆ ಸುಸ್ತು ಆಗ್ತಿದೆ" ಅಂದ ಹಿಂದಿನ ಬೆಂಚಿನ ಹುಡುಗ.

ಬ್ಯಾಟರಿ ಹೊಸದೇ ಆಗಿದ್ದರೂ ಹೀಗೆ ಆಗುತ್ತಾ? ಮತ್ತೆ ಕಾರ್ಡಿನ ಫೈಲ್ ಯಾಕೆ ಪೂರ್ತಿ ಖಾಲಿ? 41 ಸಂದೇಶವಾದರೂ ಅದರಲ್ಲಿ ಇರಬೇಕಿತ್ತಲ್ಲ?

---

ಇ ಅಂಡ್ ಸಿ ಮೂರನೇ ವರ್ಷ

ಸರ್, ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಎರಡೂ ನಾನು ಮಾಡಿರುವ ತಪ್ಪೇ, ಹಾಗಾಗಿ ಗೊತ್ತು.

ಆ ಚೌಕ ಬ್ಯಾಟರಿ ಮಲ್ಟಿಮೀಟರ್ ಥರ ಕಡಿಮೆ ಕರೆಂಟ್ ಕುಡಿಯುವ ಸಾಮಾನಿಗೆ ಸರಿ. ಅದರ ಒಳಗೇ ತಡೆ ಜಾಸ್ತಿ ಇರುತ್ತದೆ. ಲೋರಾ ರೇಡಿಯೊ ಪೂರ್ತಿ ಜೋರಿನಲ್ಲಿ ಕಳಿಸುವಾಗ 120 ಮಿಲಿ ಆಂಪಿಯರ್ ಹತ್ತಿರ ಎಳೆಯುತ್ತದೆ. ಅಷ್ಟು ಕೇಳಿದರೆ ವೋಲ್ಟೇಜ್ ಕುಸಿಯುತ್ತದೆ. ಆ ಬ್ಯಾಟರಿ ಸೇರುವ ಪಿನ್ನಿನಲ್ಲಿ ನ್ಯಾನೋಗೆ ಕನಿಷ್ಠ 7 ವೋಲ್ಟ್ ಬೇಕು. ಜೊತೆಗೆ ರೇಡಿಯೊವನ್ನು ನ್ಯಾನೋದ 3.3 ವೋಲ್ಟ್ ಪಿನ್ನಿಗೆ ಹಾಕಿದ್ದರೆ ದಯವಿಟ್ಟು ತೆಗೆಸಿ. ಆ ಪಿನ್ 50 ಮಿಲಿ ಆಂಪಿಯರಿಗಿಂತ ಜಾಸ್ತಿ ಕೊಡಲಾರದು. ವೋಲ್ಟೇಜ್ ಒಂದೇ ಮಟ್ಟದಲ್ಲಿಡುವ ಬೇರೆ ರೆಗ್ಯುಲೇಟರ್ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ.

ನನ್ನ ಸಲಹೆ: ನಾಲ್ಕು ರೀಚಾರ್ಜ್ ಎಎ ಸೆಲ್, ಒಟ್ಟು 4.8 ವೋಲ್ಟ್, ನೇರವಾಗಿ 5 ವೋಲ್ಟ್ ಪಿನ್ನಿಗೆ. ಲಿಥಿಯಂ ಪೌಚ್ ಬ್ಯಾಟರಿ ಹಗುರ ಹೌದು, ಆದರೆ ಬಿದ್ದು ಜಜ್ಜಿದರೆ ಬೆಂಕಿ ಹತ್ತಬಹುದು. ಮಕ್ಕಳ ಮೊದಲ ಡಬ್ಬಿಗೆ ಅದು ಬೇಡ.

ಫೈಲ್ ವಿಷಯ. ಬರೆದದ್ದು ತಕ್ಷಣ ಕಾರ್ಡಿಗೆ ಹೋಗುವುದಿಲ್ಲ ಸರ್, ಸ್ವಲ್ಪ ಹೊತ್ತು ಚಿಪ್‌ನ ನೆನಪಿನಲ್ಲೇ ಕೂತಿರುತ್ತದೆ. ಫೈಲ್ ಮುಚ್ಚಿದಾಗ ಅಥವಾ ಫ್ಲಶ್ ಅಂತ ಆಜ್ಞೆ ಕೊಟ್ಟಾಗ ಮಾತ್ರ ಕಾರ್ಡಿನಲ್ಲಿ ದಾಖಲಾಗುತ್ತದೆ. ಕೊನೆಯಲ್ಲಿ ಮುಚ್ಚೋಣ ಅಂತ ಬರೆದಿರುತ್ತೀರಿ, ಆದರೆ ಕರೆಂಟು ಹೋದರೆ ಆ ಕೊನೆ ಬರುವುದೇ ಇಲ್ಲ.

---

ಟೆಸ್ಟ್ ಬೆಂಚ್

ತಮ್ಮ ಸರಿಯಾಗಿ ಹೇಳಿದ್ದಾನೆ. ನಮ್ಮಲ್ಲಿ ಹೊಸಬರಿಗೆ ಮೊದಲ ದಿನವೇ ಹೇಳುತ್ತಿದ್ದ ಮಾತು ಒಂದಿತ್ತು: ಹೇಗೆ ಹಾರಿಸುತ್ತೀರೋ ಹಾಗೇ ಪರೀಕ್ಷೆ ಮಾಡಿ. ಬಿಡಿಬಿಡಿಯಾಗಿ ಪ್ರತಿ ಪೆಟ್ಟಿಗೆ ಪಾಸಾಗಿರುತ್ತದೆ. ಎಲ್ಲ ಜೋಡಿಸಿ, ಹೊರಗಿನ ವೈರ್ ಎಲ್ಲ ಕಿತ್ತು, ತನ್ನ ಸ್ವಂತ ಬ್ಯಾಟರಿ ಮೇಲೆ ನಿಲ್ಲಿಸಿದಾಗ ಅದರ ನಿಜ ಬಣ್ಣ ಗೊತ್ತಾಗುತ್ತದೆ.

ಕಿಟ್ ಬಗ್ಗೆ ಕೇಳಿದಿರಿ. ನನ್ನ ಅಭಿಪ್ರಾಯ ಖಡಾಖಂಡಿತ. ರೆಡಿ ಕಿಟ್‌ನಲ್ಲಿ ಆ ಮುಳ್ಳು ಕುಸಿಯುವುದಿಲ್ಲ. ಯಾಕಂದರೆ ಅದನ್ನು ಕಟ್ಟಿದ ಎಂಜಿನಿಯರ್ ಆ ತೊಂದರೆಯನ್ನು ತನ್ನ ಆಫೀಸಿನಲ್ಲೇ ಕಂಡು, ಸರಿ ಮಾಡಿ ಕಳಿಸಿರುತ್ತಾನೆ. ಕಲಿತವನು ಅವನು. ಮಕ್ಕಳಿಗೆ ಉಳಿಯುವುದು ಸ್ಕ್ರೂ ಬಿಗಿ ಮಾಡುವುದು. ನಿಮ್ಮ ಹುಡುಗಿ ಮಲ್ಟಿಮೀಟರ್ ತರಲು ಎದ್ದು ಹೋದಳಲ್ಲ, ಅದಕ್ಕೇ ಅಲ್ವಾ ನಾವು ಇದನ್ನೆಲ್ಲ ಮಾಡುವುದು?

ಕೆಟ್ಟದ್ದರಿಂದ ಕಲಿಯುವುದು ಕಕ್ಷೆಗೆ ಹೋಗುವ ಉಪಗ್ರಹಕ್ಕೂ ಅನ್ವಯಿಸುತ್ತದೆ. 2022ರ ಆಗಸ್ಟ್ 7ರಂದು ಇಸ್ರೋದ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟದಲ್ಲಿ ಆಜಾದಿಸ್ಯಾಟ್ ಹೋಯಿತು, ನೆನಪಿದೆಯಾ? ದೇಶದ 75 ಶಾಲೆಗಳ 750 ಹೆಣ್ಣುಮಕ್ಕಳು ಅದರ ಪೇಲೋಡ್‌ಗಳಲ್ಲಿ, ಅಂದರೆ ಒಳಗಿನ ಪುಟ್ಟ ಪ್ರಯೋಗ ಸಾಧನಗಳಲ್ಲಿ, ಕೈಯಾಡಿಸಿದ್ದರು. ರಾಕೆಟ್ಟಿನ ಎರಡನೇ ಹಂತ ಬೇರ್ಪಡುವಾಗ ಬಂದ ಅದುರಿಗೆ ವೇಗೋತ್ಕರ್ಷ ಅಳೆಯುವ ಸೆನ್ಸರ್‌ಗಳು ಒಂದರೆಗಳಿಗೆ ಮಿತಿ ದಾಟಿದವು. ಸೆನ್ಸರ್ ಕೆಟ್ಟಿದೆ ಅಂತ ರಾಕೆಟ್ಟಿನ ಕಂಪ್ಯೂಟರ್ ತಪ್ಪು ತಿಳಿಯಿತು. 356 ಕಿ.ಮೀ. ಎತ್ತರದ ದುಂಡು ಕಕ್ಷೆ ಸಿಗಬೇಕಿತ್ತು. ಒಂದು ತುದಿ 76 ಕಿ.ಮೀ.ಗೆ ಇಳಿದ ಮೊಟ್ಟೆಯಾಕಾರದ ದಾರಿ ಸಿಕ್ಕಿತು, ಉಪಗ್ರಹ ಉಳಿಯಲಿಲ್ಲ. ಇಸ್ರೋ ಕಾರಣವನ್ನು ಬಹಿರಂಗವಾಗಿ ಹೇಳಿತು. 2023ರ ಫೆಬ್ರವರಿ 10ರಂದು ಆಜಾದಿಸ್ಯಾಟ್-2 ಕಕ್ಷೆ ಸೇರಿತು. ನಿಮ್ಮ ಮಕ್ಕಳಿಗೆ ಈ ಎರಡೂ ಹಾರಾಟದ ಕಥೆಯನ್ನು ಒಟ್ಟಿಗೆ ಹೇಳಿ. ಬರೀ ಎರಡನೆಯದನ್ನು ಹೇಳಬೇಡಿ.

---

ಹ್ಯಾಮ್ ಮೈಸೂರು

ಮೇಷ್ಟ್ರೇ, ರೇಡಿಯೊ ಬಗ್ಗೆ ಒಂದು ಎಚ್ಚರಿಕೆ. ಲೋರಾವನ್ನು 865ರಿಂದ 867 ಮೆಗಾಹರ್ಟ್ಸ್ ಒಳಗೇ ಇಟ್ಟುಕೊಳ್ಳಿ, ಭಾರತದಲ್ಲಿ ಅದಕ್ಕೆ ಲೈಸೆನ್ಸ್ ಬೇಡ. ಆನ್‌ಲೈನ್ ಅಂಗಡಿಗಳಲ್ಲಿ ಬೇರೆ ದೇಶದ ಫ್ರೀಕ್ವೆನ್ಸಿಯ ಬೋರ್ಡುಗಳೂ ಸಿಗುತ್ತವೆ, ನೋಡಿ ತಗೊಳ್ಳಿ.

ಇನ್ನೊಂದು. ಡಬ್ಬಿ ಮಾಡುವವರು ನಾಲ್ಕು ಜನ, ಉಳಿದ ಏಳು ಮಕ್ಕಳು ಏನು ಮಾಡುತ್ತಾರೆ? ಅವರಿಗೆ ನಿಜವಾದ ಉಪಗ್ರಹದ ದನಿ ಕೇಳಿಸಿ. ಸ್ಟೀಲ್ ಟೇಪ್ ಅಳತೆಪಟ್ಟಿ ತುಂಡು ಮಾಡಿ, ಪಿವಿಸಿ ಪೈಪಿಗೆ ಕಟ್ಟಿದರೆ ಒಳ್ಳೇ ಆಂಟೆನಾ ಆಗುತ್ತದೆ. ಯುಎಸ್‌ಬಿ ರೇಡಿಯೊ ಡಾಂಗಲ್ ಒಂದು ಸಾಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಆಗಾಗ 145.800 ಮೆಗಾಹರ್ಟ್ಸ್‌ನಲ್ಲಿ ಚಿತ್ರಗಳನ್ನು ಕಳಿಸುತ್ತಾರೆ. ಮೊಬೈಲ್ ಆ್ಯಪ್ ಆ ಕೀಚಲು ದನಿಯನ್ನು ಗೆರೆಗೆರೆಯಾಗಿ ಚಿತ್ರ ಮಾಡುತ್ತದೆ. ನಿಲ್ದಾಣ ತಲೆ ಮೇಲೆ ಹಾದುಹೋಗುವುದು ಹೆಚ್ಚೆಂದರೆ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಆಂಟೆನಾ ಹಿಡಿದ ಮಗುವಿನ ಮುಖ ನೋಡಬೇಕು ನೀವು.

ಹಳೇ ಲೇಖನಗಳಲ್ಲಿ ಅಮೆರಿಕದ ನೋವಾ ಹವಾಮಾನ ಉಪಗ್ರಹಗಳಿಂದ 137 ಮೆಗಾಹರ್ಟ್ಸ್‌ನಲ್ಲಿ ಚಿತ್ರ ಹಿಡಿಯಿರಿ ಅಂತ ಇರುತ್ತದೆ. ಆ ಹಳೇ ಮೂರೂ 2025ರಲ್ಲಿ ನಿವೃತ್ತವಾದವು. ಸುಮ್ನೆ ಕಾದು ಕೂರಬೇಡಿ. ಈಗ ಅದೇ ಆಸುಪಾಸಿನಲ್ಲಿ ರಷ್ಯಾದ ಮೀಟಿಯಾರ್ ಉಪಗ್ರಹಗಳನ್ನು ಹುಡುಕಿ. ಕೇಳುವುದು ಮಾತ್ರ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಬ್ಯಾಂಡಿನಲ್ಲಿ ಮಾತಾಡಲು ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಳ್ಳಬೇಕು.

---

ದಾವಣಗೆರೆ ಅಪ್ಪ

ಮಲ್ಟಿಮೀಟರ್ ವಿಷಯ ಓದಿ ಮಗಳಿಗೆ ತೋರಿಸಿದೆ. "ಅಪ್ಪಾ, ಓಮನ ನಿಯಮ ನಮಗೆ ಮುಂದಿನ ವರ್ಷ ಬರುತ್ತೆ, ಅವರಿಗೆ ಈಗಲೇ ಕಂಡುಬಿಟ್ಟಿದೆ" ಅಂದಳು. ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಅವಳ ಶಾಲೆಯಲ್ಲೂ ಟಿಂಕರಿಂಗ್ ಲ್ಯಾಬ್ ಇದೆಯಂತೆ. ಬೀಗ ತೆಗೆಯುವುದು ಇನ್‌ಸ್ಪೆಕ್ಷನ್ ದಿನ ಮಾತ್ರವಂತೆ. ಸೋಮವಾರ ಹೋಗಿ ಕೇಳುತ್ತೇನೆ.

---

ಬ್ರೆಮೆನ್ ಕನ್ನಡತಿ

ಮೇಷ್ಟ್ರೇ, ಒಂದು ಮಾತು ಕೇಳಲೇಬೇಕು. ನಿಮ್ಮಲ್ಲಿ ಸೋಲ್ಡರಿಂಗ್ ಐರನ್ ಹಿಡಿಯುವವರು ಯಾರು, ನೋಟ್‌ಬುಕ್ ಬರೆಯುವವರು ಯಾರು? ಮಗನ ತಂಡದಲ್ಲಿ ಇಬ್ಬರು ಹುಡುಗಿಯರಿದ್ದರು. ಮೊದಲ ತಿಂಗಳು ಇಬ್ಬರಿಗೂ ಪೋಸ್ಟರ್ ಮತ್ತು ವರದಿ ಕೆಲಸ. ಯಾರೂ ಹೇಳಿ ಮಾಡಿಸಿದ್ದಲ್ಲ, ತಾನಾಗಿಯೇ ಹಾಗೆ ಆಗಿತ್ತು. ಅವರ ಟೀಚರ್ ಗಮನಿಸಿ, ವಾರ ವಾರ ಕೆಲಸ ಬದಲಿಸುವ ನಿಯಮ ತಂದರು.

---

ಮಲೆನಾಡ ಮೇಷ್ಟ್ರು

ಮೇಡಂ, ನಿಮ್ಮ ಮಾತು ಚುಚ್ಚಿತು, ಒಳ್ಳೆಯದಕ್ಕೇ. ಲೆಕ್ಕ ಹಾಕಿದೆ: ಈವರೆಗೆ ಬೆಸುಗೆ ಹಾಕಿದ್ದೆಲ್ಲ ಮೂವರು ಹುಡುಗರೇ. ಈ ವಾರದಿಂದ ಹಾಜರಿ ಪುಸ್ತಕದ ಹಾಗೆ ಪಟ್ಟಿ ಮಾಡಿದ್ದೇವೆ. ಬೆಸುಗೆ, ಪ್ರೋಗ್ರಾಂ, ಪ್ಯಾರಾಚೂಟ್, ಲೆಕ್ಕ, ವರದಿ. ಎಲ್ಲರೂ ಎಲ್ಲದಕ್ಕೂ ಬರಬೇಕು. ಕಿಟ್ ಕಂಪನಿಗೆ ಬೇಡ ಅಂದೆವು. ಎಸ್‌ಡಿಎಂಸಿ ಅಧ್ಯಕ್ಷರಿಗೆ ಆ ಮೀಟರ್ ಮುಳ್ಳು ಕುಸಿಯುವುದನ್ನು ಮಕ್ಕಳೇ ತೋರಿಸಿದರು, ಅವರು ಒಪ್ಪಿದರು.

ಬ್ಯಾಟರಿ ಬದಲಾಯಿತು, ರೆಗ್ಯುಲೇಟರ್ ಬಂತು, ಫ್ಲಶ್ ಕೂಡ ಸೇರಿತು. ಬೀಳಿಸುವ ಮುಂಚೆ ಡಬ್ಬಿಗೆ ಒಂದು ದೊಡ್ಡ ಪರೀಕ್ಷೆ ಕೊಡೋಣ ಅಂತ ಭಾನುವಾರ ಮೂವರು ಮಕ್ಕಳು ಮತ್ತು ನಾನು ಉಡುಪಿ ಬಸ್ ಹತ್ತಿದೆವು. ಆಗುಂಬೆ ಘಾಟಿ ಇಳಿಯುವಾಗ ಡಬ್ಬಿ ಒಬ್ಬಳ ತೊಡೆ ಮೇಲೆ, ಬುತ್ತಿ ಚೀಲದೊಳಗೆ. ಇನ್ನೊಬ್ಬ ಪ್ರತಿ ತಿರುವಿಗೂ ಗಡಿಯಾರ ನೋಡಿ ಸಮಯ ಬರೆದ. ಹದಿನಾಲ್ಕು ತಿರುವು, ಹದಿನಾಲ್ಕು ಸಾಲು. ಆಗುಂಬೆ ಪೇಟೆಯಲ್ಲಿ ಒತ್ತಡ 940 ಹೆಕ್ಟೊಪಾಸ್ಕಲ್ ಆಸುಪಾಸು, ಕೆಳಗೆ ಸೋಮೇಶ್ವರದಲ್ಲಿ 1000ದ ಹತ್ತಿರ. ಸಂಜೆ ಗ್ರಾಫ್ ಎಳೆದಾಗ ಘಾಟಿಯೇ ಕಾಗದದ ಮೇಲೆ ಬಂದು ಕೂತಿತ್ತು. ಒಂದು ಕಡೆ ಗೆರೆ ಮಟ್ಟಸವಾಗಿ ನಿಂತಿದೆ, ಯಾಕೆ ಅಂತ ಕೇಳಿದೆ. "ಸಾರ್, ಅಲ್ಲಿ ಎದುರಿಗೆ ಲಾರಿ ಬಂದು ನಮ್ಮ ಬಸ್ ನಿಂತಿತ್ತಲ್ಲ" ಅಂದಳು. ಕಿವಿ ಗುಂಯ್ ಅಂದದ್ದು ಯಾಕೆ ಅಂತ ಬೇರೆ ಹೇಳಬೇಕಾಗಲಿಲ್ಲ.

ಈಗ ಬೀಳಿಸುವ ಎತ್ತರ. ತಾರಸಿ ಸಾಲದು. ಒಬ್ಬ ಹುಡುಗನ ಅಪ್ಪ ಅಡಿಕೆ ಗೊನೆ ತೆಗೆಯುವವರು, ಅವರ ಹತ್ತಿರ 60 ಅಡಿಯ ಕಾರ್ಬನ್ ಫೈಬರ್ ದೋಟಿ (ಗೊನೆ ಕೊಯ್ಯುವ ಉದ್ದ ಕೋಲು) ಇದೆ. ಅದರ ತುದಿಗೆ ಹಗ್ಗ ಎಳೆದರೆ ಬಿಡುವ ಕೊಕ್ಕೆ ಕಟ್ಟುತ್ತೇವೆ ಅಂತಾರೆ. ನಡೆಯುತ್ತಾ?

---

ಇ ಅಂಡ್ ಸಿ ಮೂರನೇ ವರ್ಷ

ಸೂಪರ್ ಸರ್! ಆದರೆ ಎರಡು ವಿಷಯ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ಹತ್ತಿರ ಎಲ್ಲೂ ಕರೆಂಟ್ ಲೈನ್ ಇರಬಾರದು, ದೋಟಿ ಹಿಡಿಯುವುದು ದೊಡ್ಡವರೇ ಆಗಬೇಕು, ಕೆಳಗೆ ಯಾರೂ ನಿಲ್ಲಬಾರದು. ಎರಡನೆಯದು, 60 ಅಡಿ ಅಂದರೆ ಸುಮಾರು 18 ಮೀಟರ್. ಸೆಕೆಂಡಿಗೆ 5 ಮೀಟರಿನಂತೆ ಇಳಿದರೆ ನಾಲ್ಕು ಸೆಕೆಂಡೂ ಇಲ್ಲ. ಸೆಕೆಂಡಿಗೊಮ್ಮೆ ಅಳೆದರೆ ನಿಮಗೆ ಸಿಗುವುದು ಮೂರೋ ನಾಲ್ಕೋ ಚುಕ್ಕೆ. ಆ ನಿಯಮ ಒಂದು ಕಿಲೋಮೀಟರಿನಿಂದ ಬೀಳುವ ಡಬ್ಬಿಗೆ. ನೀವು ಕಾರ್ಡಿಗೆ ಸೆಕೆಂಡಿಗೆ ಹತ್ತು ಸಲ ಬರೆಸಿ, ರೇಡಿಯೊ ಒಮ್ಮೆ ಕಳಿಸಲಿ. 18 ಮೀಟರಿಗೆ ಒತ್ತಡ ಬದಲಾಗುವುದು ಬರೀ 2 ಹೆಕ್ಟೊಪಾಸ್ಕಲ್. ಅಷ್ಟನ್ನು ಆ ಸೆನ್ಸರ್ ಆರಾಮಾಗಿ ಹಿಡಿಯುತ್ತದೆ.

---

ಟೆಸ್ಟ್ ಬೆಂಚ್

ಪ್ಯಾರಾಚೂಟ್ ಎಷ್ಟು ಅಗಲ ಅಂತ ಮೊದಲೇ ಲೆಕ್ಕ ಹಾಕಿ ಬರೆದಿಡಿ, ಬಿದ್ದ ಮೇಲೆ ಅಲ್ಲ. ತೂಕ ಕೆಳಗೆ ಎಳೆಯುತ್ತದೆ, ಗಾಳಿ ಮೇಲೆ ತಳ್ಳುತ್ತದೆ, ಎರಡೂ ಸಮವಾದಾಗ ವೇಗ ನಿಲ್ಲುತ್ತದೆ. 350 ಗ್ರಾಂ ಡಬ್ಬಿ ಸೆಕೆಂಡಿಗೆ 5 ಮೀಟರಿನಂತೆ ಇಳಿಯಬೇಕಾದರೆ ನಿಮ್ಮ ಎತ್ತರದ ಗಾಳಿಯಲ್ಲಿ ಸುಮಾರು 63 ಸೆಂ.ಮೀ. ಅಗಲದ ದುಂಡು ಬಟ್ಟೆ ಬೇಕು. ನಡುವೆ ಒಂದು ಸಣ್ಣ ತೂತು ಬಿಡಿ, ಓಲಾಡುವುದು ಕಡಿಮೆಯಾಗುತ್ತದೆ.

---

ಮಲೆನಾಡ ಮೇಷ್ಟ್ರು

ಮೂರು ವಾರ ಮಳೆ ಬಿಡಲಿಲ್ಲ, ಅದಕ್ಕೇ ತಡ. ನಿನ್ನೆ ಬಿಟ್ಟೆವು.

ಗದ್ದೆ ಬಯಲಿನಲ್ಲಿ, ಸುತ್ತ ಎಲ್ಲೂ ತಂತಿ ಇಲ್ಲದ ಕಡೆ. ದೋಟಿ ಹಿಡಿದವರು ಆ ಹುಡುಗನ ಅಪ್ಪ ಮತ್ತು ಚಿಕ್ಕಪ್ಪ. ಯುಎಸ್‌ಬಿ ವೈರನ್ನು ಮಕ್ಕಳು ಶಾಲೆಯಲ್ಲೇ ಬಿಟ್ಟು ಬಂದಿದ್ದರು, ಬೇಕಂತಲೇ. ಹಗ್ಗ ಎಳೆದಿದ್ದು ಪ್ರೋಗ್ರಾಂ ಬರೆದ ಹುಡುಗಿ. ಕಪ್ಪು ಕೊಡೆ ಬಟ್ಟೆ ಒಂದು ಕ್ಷಣ ಮುದುಡಿಕೊಂಡೇ ಬಿತ್ತು, ಆಮೇಲೆ ಪಟ್ ಅಂತ ಅರಳಿತು.

ಕಾರ್ಡಿನಲ್ಲಿ ಫೈಲ್ ಇತ್ತು. ತುಂಬಿತ್ತು. ಮೊದಲ ಸುಮಾರು 4 ಮೀಟರ್ ಬಿಚ್ಚಿಕೊಳ್ಳುವುದರಲ್ಲೇ ಹೋಗಿದೆ. ಉಳಿದ 14 ಮೀಟರಿಗೆ ಎರಡೂವರೆ ಸೆಕೆಂಡ್, 25 ಚುಕ್ಕೆ. ಲೆಕ್ಕ ಹಾಕಿದರೆ ಸೆಕೆಂಡಿಗೆ 5.6 ಮೀಟರ್. ನಾವು ಬರೆದಿಟ್ಟಿದ್ದು 5.

ಯಾರೂ ಕುಣಿಯಲಿಲ್ಲ, ನಂಬುತ್ತೀರಾ? "ಯಾಕೆ ಜಾಸ್ತಿ?" ಅಂತ ಅಲ್ಲೇ ಗದ್ದೆ ಬದುವಿನ ಮೇಲೆ ಕೂತು ಶುರು ಮಾಡಿದರು. ಇಬ್ಬರು ಡಬ್ಬಿ ತಗೊಂಡು ಕಿರಾಣಿ ಅಂಗಡಿಗೆ ಓಡಿದರು. ತಕ್ಕಡಿಯಲ್ಲಿ 395 ಗ್ರಾಂ. ಹೊಸ ಸೆಲ್ಲು, ಸುತ್ತಿದ ಟೇಪು, ಎಲ್ಲ ಸೇರಿ 45 ಗ್ರಾಂ ಏರಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೊಸ ತೂಕ ಹಾಕಿ ಮತ್ತೆ ಲೆಕ್ಕ ಮಾಡಿದರೆ 5.3 ಬರುತ್ತದೆ. ಇನ್ನೂ 0.3 ಉಳಿದಿದೆ. ಬಟ್ಟೆಯ ಆಕಾರ ಸರಿಯಾದ ದುಂಡು ಅಲ್ಲ ಅಂತ ಒಂದು ಗುಂಪು, ನಡುವಿನ ತೂತು ದೊಡ್ಡದಾಯಿತು ಅಂತ ಇನ್ನೊಂದು ಗುಂಪು.

ವರದಿಯನ್ನು ಈ ವಾರದ ಪಾಳಿಯವರು ಬರೆಯುತ್ತಿದ್ದಾರೆ. ಮುಗಿದ ಮೇಲೆ ಇಲ್ಲಿ ಹಾಕುತ್ತೇನೆ. ಟೆಸ್ಟ್ ಬೆಂಚ್ ಸರ್, ನೀವು ಕೆಂಪು ಪೆನ್ನು ಹಿಡಿದು ಓದಬೇಕು ಅಂತ ಮಕ್ಕಳ ಕೋರಿಕೆ. ತೂತು ಚಿಕ್ಕದು ಮಾಡಿದ ಎರಡನೇ ಪ್ಯಾರಾಚೂಟನ್ನು ಈಗಾಗಲೇ ಹೊಲಿಯಲು ಕೂತಿದ್ದಾರೆ, ಮುಂದಿನ ಭಾನುವಾರ ಮಳೆ ಬಿಟ್ಟರೆ ಅದೇ ಗದ್ದೆಯಲ್ಲಿ ಎರಡನ್ನೂ ಒಂದರ ಹಿಂದೆ ಒಂದು ಬಿಡುತ್ತೇವೆ.